ಸಣ್ಣ ಆಫೀಸಿನ ಸರ್ವರ್‌ಗೆ ಬ್ಯಾಕಪ್: ಎಲ್ಲಿಂದ ಶುರು ಮಾಡಬೇಕು, ಎಷ್ಟಿದ್ದರೆ ಸಾಕು

“ಸರ್ವರ್‌ಗೆ ರೇಡ್ ಹಾಕಿಸಿದ್ದೇವೆ, ಇನ್ನು ಬ್ಯಾಕಪ್ ಯಾಕೆ?” “ಎಲ್ಲ ಗೂಗಲ್ ಡ್ರೈವ್‌ಗೆ ಹೋಗುತ್ತಿದೆ, ಸಾಕಲ್ವಾ?” “ಎರಡನೇ ಸರ್ವರ್ ತಗೊಂಡರೆ ಹೇಗೆ?” ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಇದು ಐದಾರು ಜನರಿಂದ ಮೂವತ್ತು ಜನರವರೆಗಿನ ಸಂಸ್ಥೆಗಳಿಗೆ: ಆಡಿಟರ್ ಆಫೀಸು, ಪತ್ತಿನ ಸಹಕಾರ ಸಂಘ, ಶಾಲೆ, ನರ್ಸಿಂಗ್ ಹೋಮ್, ಸಣ್ಣ ಕಾರ್ಖಾನೆ. ಒಂದೋ ಎರಡೋ ಸರ್ವರ್. ಅದರಲ್ಲಿ ಟ್ಯಾಲಿ, ಎಲ್ಲರೂ ಬಳಸುವ ಶೇರ್ ಫೋಲ್ಡರ್, ಬಿಲ್ಲಿಂಗ್‌ಗೋ ಲೈಬ್ರರಿಗೋ ಒಂದು ಡೇಟಾಬೇಸ್. ಪೂರ್ತಿ ಸಮಯದ ಐಟಿಯವರು ಇರುವುದಿಲ್ಲ. ಕಂಪ್ಯೂಟರ್ ಸ್ವಲ್ಪ ಗೊತ್ತಿರುವ ಒಬ್ಬರ ತಲೆಗೆ ಈ ಕೆಲಸ ಕಟ್ಟಿರುತ್ತಾರೆ. ಆ ಒಬ್ಬರು ನೀವೇ ಅಂದುಕೊಂಡು ಬರೆಯುತ್ತಿದ್ದೇನೆ.

ರೇಡ್ ಬೇರೆ, ಬ್ಯಾಕಪ್ ಬೇರೆ

ರೇಡ್ ಅಂದರೆ ಒಂದೇ ಡೇಟಾವನ್ನು ಎರಡು ಅಥವಾ ಹೆಚ್ಚು ಡಿಸ್ಕ್‌ಗಳಲ್ಲಿ ಇಡುವ ವ್ಯವಸ್ಥೆ. ಒಂದು ಡಿಸ್ಕ್ ಕೆಟ್ಟರೂ ಸರ್ವರ್ ನಿಲ್ಲುವುದಿಲ್ಲ. ಹೀಗೆ ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಜೋಡಿ ಮಾಡಿಡುವುದಕ್ಕೆ ರಿಡಂಡೆನ್ಸಿ ಎನ್ನುತ್ತಾರೆ. ಯುಪಿಎಸ್, ಎರಡನೇ ಇಂಟರ್ನೆಟ್ ಲೈನ್ ಕೂಡ ಇದೇ ಜಾತಿ. ಬ್ಯಾಕಪ್ ಅಂದರೆ ನಿನ್ನೆಯ, ಹೋದ ವಾರದ, ಹೋದ ತಿಂಗಳ ಡೇಟಾದ ಪ್ರತಿ. ಅದು ಸರ್ವರ್‌ನಿಂದ ಹೊರಗೆ ಇರಬೇಕು.

ರೇಡ್ ಕಾರಿನ ಸ್ಟೆಪ್ನಿ ಇದ್ದ ಹಾಗೆ. ಪಂಕ್ಚರ್ ಆದರೆ ಉಪಯೋಗಕ್ಕೆ ಬರುತ್ತದೆ, ಕಾರೇ ಕಳವಾದರೆ ಅದರ ಜೊತೆಗೇ ಹೋಗುತ್ತದೆ. ಯಾರೋ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ರೇಡ್ ಅದನ್ನು ಎಲ್ಲ ಡಿಸ್ಕ್‌ಗಳಿಂದಲೂ ಅದೇ ಕ್ಷಣ ಅಳಿಸುತ್ತದೆ. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳ ಸಿಂಕ್ ಕೂಡ ಅಷ್ಟೇ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ನಿಜ. ಆದರೆ ಫೈಲು ಕಾಣೆಯಾಗಿದೆ ಎಂದು ಗೊತ್ತಾಗುವುದು ಸಾಮಾನ್ಯವಾಗಿ ಆಡಿಟ್ ಬಂದಾಗ.

ಹಾಗಾಗಿ ಮೊದಲು ಬ್ಯಾಕಪ್. ಆಮೇಲೆ ಅದನ್ನು ವಾಪಸ್ ತೆಗೆದು ನೋಡುವುದು. ದುಡ್ಡು ಉಳಿದರೆ ರಿಡಂಡೆನ್ಸಿ. ಮಾರುವವರು ಇದನ್ನು ತಲೆಕೆಳಗಾಗಿ ಹೇಳುವುದುಂಟು. ಎರಡನೇ ಸರ್ವರ್ ಮಾರಿದರೆ ಲಾಭ ಜಾಸ್ತಿ, ಬ್ಯಾಕಪ್ ಡಿಸ್ಕ್ ಮಾರಿದರೆ ಏನು ಸಿಗುತ್ತದೆ?

1. ಏನೇನಿದೆ ಎಂದು ಪಟ್ಟಿ ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ಆಫೀಸಿನ ಯಾವ ಮಾಹಿತಿ ಯಾವ ಯಂತ್ರದಲ್ಲಿ, ಯಾವ ಫೋಲ್ಡರಿನಲ್ಲಿ ಇದೆ ಎಂದು ಬರೆಯಿರಿ. ಸರ್ವರ್ ಮುಂದೆ ಕೂತು ಬರೆದರೆ ಸಾಲದು, ಒಬ್ಬೊಬ್ಬರ ಟೇಬಲ್‌ಗೂ ಹೋಗಿ ಕೇಳಿ. ಅಕೌಂಟೆಂಟ್ ಅವರ ಡೆಸ್ಕ್‌ಟಾಪ್ ಮೇಲೇ ಸಂಬಳದ ಎಕ್ಸೆಲ್ ಶೀಟು ಇರುತ್ತದೆ. ಅದು ಸರ್ವರ್ ಮುಖ ನೋಡಿಯೇ ಇರುವುದಿಲ್ಲ.

ಎಲ್ಲರೂ ಮರೆಯುವ ಕೆಲವು ವಸ್ತುಗಳಿವೆ. ಟ್ಯಾಲಿಯ ಡೇಟಾ ಫೋಲ್ಡರ್ ನೆನಪಿರುತ್ತದೆ, ಲೈಸೆನ್ಸ್ ಯಾವ ಇಮೇಲ್ ಐಡಿಯಲ್ಲಿದೆ ಎಂಬುದು ನೆನಪಿರುವುದಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರಿನ ಇನ್‌ಸ್ಟಾಲರ್, ಅದರ ಕೀ, ರೂಟರ್ ಸೆಟ್ಟಿಂಗ್, ವೆಬ್‌ಸೈಟಿನ ಡೊಮೈನ್ ಯಾರ ಹೆಸರಲ್ಲಿದೆ, ಲಾಗಿನ್ ಏನು, ಇವೆಲ್ಲ ಪಟ್ಟಿಯಲ್ಲಿ ಇರಲಿ. ಡೇಟಾ ಇದ್ದು ಸಾಫ್ಟ್‌ವೇರ್ ಇಲ್ಲದಿದ್ದರೆ ಅದು ಸುಮ್ನೆ ಒಂದು ಫೋಲ್ಡರ್ ಅಷ್ಟೇ.

ಕನ್ನಡದಲ್ಲಿ ಕೆಲಸ ಮಾಡುವ ಆಫೀಸುಗಳಿಗೆ ಇನ್ನೊಂದು ಮಾತು. ಹಳೆಯ ನಡಾವಳಿ, ಪತ್ರ, ಠರಾವುಗಳು ನುಡಿ, ಬರಹ, ಶ್ರೀಲಿಪಿಯ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಇರಬಹುದು. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಫೈಲಿನ ಜೊತೆಗೆ ಫಾಂಟುಗಳ ಪ್ರತಿಯನ್ನೂ ಇಡಿ. ಮುಖ್ಯವಾದ ದಾಖಲೆಗಳಿಗೆ ಪಿಡಿಎಫ್ ಕೂಡ ಮಾಡಿಟ್ಟರೆ ಒಳ್ಳೆಯದು.

2. ಎಷ್ಟು ಕೆಲಸ ಹೋದರೆ ನಡೆಯುತ್ತದೆ, ಎಷ್ಟು ಹೊತ್ತು ನಿಂತರೆ ನಡೆಯುತ್ತದೆ?

ಐಟಿಯವರು ಆರ್‌ಪಿಓ, ಆರ್‌ಟಿಓ ಎಂದು ಹೇಳುವುದು ಈ ಎರಡನ್ನೇ. ಆರ್‌ಪಿಓ ಅಂದರೆ ಎಷ್ಟು ಹೊತ್ತಿನ ಎಂಟ್ರಿ ಕಳೆದುಹೋದರೆ ತಡೆದುಕೊಳ್ಳಬಹುದು ಎಂಬುದು. ಆರ್‌ಟಿಓ ಅಂದರೆ ಎಲ್ಲ ಮತ್ತೆ ನಡೆಯುವಂತಾಗಲು ಎಷ್ಟು ಸಮಯ ಕಾಯಬಹುದು ಎಂಬುದು. ವಾಹನದ ಆರ್‌ಟಿಓಗೂ ಇದಕ್ಕೂ ಸಂಬಂಧ ಇಲ್ಲ.

ಇದನ್ನು ನೀವೊಬ್ಬರೇ ತೀರ್ಮಾನಿಸಬೇಡಿ. ಸಂಸ್ಥೆಯ ಯಜಮಾನರನ್ನೋ ಕಾರ್ಯದರ್ಶಿಯವರನ್ನೋ ಕೂರಿಸಿಕೊಂಡು ಕೇಳಿ: “ಸಂಜೆ 4ಕ್ಕೆ ಸರ್ವರ್ ಸತ್ತರೆ, ಬೆಳಗಿನಿಂದ ಹಾಕಿದ ಎಂಟ್ರಿಗಳನ್ನು ರಶೀದಿ ನೋಡಿ ಮತ್ತೆ ಹಾಕಬಹುದಾ?” ಶಾಲೆಯಾದರೆ ಆಗುತ್ತದೆ ಅನ್ನುತ್ತಾರೆ. ದಿನಕ್ಕೆ ನೂರಾರು ಬಿಲ್ ಮಾಡುವ ಸಗಟು ವ್ಯಾಪಾರಿ ಆಗಲ್ಲ ಅನ್ನುತ್ತಾರೆ. ಮೊದಲನೆಯವರಿಗೆ ರಾತ್ರಿ ಒಂದು ಬ್ಯಾಕಪ್ ಸಾಕು. ಎರಡನೆಯವರಿಗೆ ಗಂಟೆಗೊಂದು ಬೇಕು.

ಎಷ್ಟು ವರ್ಷ ಇಡಬೇಕು ಎಂಬುದನ್ನು ಕಾನೂನು ಸ್ವಲ್ಪ ಮಟ್ಟಿಗೆ ತೀರ್ಮಾನಿಸಿದೆ. ಜಿಎಸ್‌ಟಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಕಂಪನಿ ಕಾಯ್ದೆಯಡಿ ನೋಂದಣಿಯಾದ ಕಂಪನಿಗಳು 8 ವರ್ಷದ ಲೆಕ್ಕ ಇಡಬೇಕು. ಆಗಸ್ಟ್ 2022ರ ತಿದ್ದುಪಡಿಯಿಂದ ಅವುಗಳಿಗೆ ಇನ್ನೊಂದು ಷರತ್ತೂ ಇದೆ: ಕಂಪ್ಯೂಟರಿನಲ್ಲಿಡುವ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ದಿನಾ ಆಗಬೇಕು. ಕ್ಲೌಡ್ (ಇಂಟರ್ನೆಟ್ ಮೂಲಕ ಬಳಸುವ, ಬೇರೆ ಕಂಪನಿಯ ಸರ್ವರ್‌ಗಳಲ್ಲಿನ ಬಾಡಿಗೆ ಜಾಗ) ತೆಗೆದುಕೊಳ್ಳುವಾಗ ಮುಂಬೈ, ಹೈದರಾಬಾದ್, ಪುಣೆಯಂಥ ಇಲ್ಲಿನ ಕೇಂದ್ರವನ್ನೇ ಆರಿಸಿಕೊಳ್ಳಿ.

3. ಮೂರು ಪ್ರತಿ, ಎರಡು ಸಾಧನ, ಒಂದು ಹೊರಗೆ

ಇದನ್ನು 3-2-1 ನಿಯಮ ಎನ್ನುತ್ತಾರೆ. ಒಟ್ಟು ಮೂರು ಪ್ರತಿ (ನೀವು ಕೆಲಸ ಮಾಡುವ ಡೇಟಾವೂ ಸೇರಿ), ಎರಡು ಬೇರೆ ಬೇರೆ ಸಾಧನಗಳಲ್ಲಿ, ಕಡೇಪಕ್ಷ ಒಂದು ಕಟ್ಟಡದ ಹೊರಗೆ. ಸಣ್ಣ ಆಫೀಸಿಗೆ ಇದು ಹೀಗಾಗುತ್ತದೆ:

ಮೊದಲ ಪ್ರತಿ ಸರ್ವರ್‌ನಲ್ಲೇ ಇದೆ. ಎರಡನೆಯದು ಒಂದು ನ್ಯಾಸ್‌ನಲ್ಲಿ. ನ್ಯಾಸ್ ಅಂದರೆ ನೆಟ್‌ವರ್ಕ್‌ಗೆ ಜೋಡಿಸುವ, ಡಿಸ್ಕ್‌ಗಳನ್ನು ಹಾಕಿದ ಚಿಕ್ಕ ಪೆಟ್ಟಿಗೆ. ಅದಕ್ಕೆ ದುಡ್ಡಿಲ್ಲವಾದರೆ ಹಳೆಯ ಡೆಸ್ಕ್‌ಟಾಪ್‌ಗೆ ಹೊಸ ಹಾರ್ಡ್ ಡಿಸ್ಕ್ ಹಾಕಿದರೂ ನಡೆಯುತ್ತದೆ. ಮೂರನೆಯದು ಹೊರಗೆ: ಕ್ಲೌಡ್‌ನಲ್ಲಿ, ಇಲ್ಲವೇ ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿ.

ಡಿಸ್ಕ್ ಆದರೆ ಎರಡು ಕೊಳ್ಳಿ. ಒಂದು ಆಫೀಸಿನಲ್ಲಿ, ಇನ್ನೊಂದು ಜವಾಬ್ದಾರಿ ಇರುವವರ ಮನೆಯಲ್ಲಿ. ವಾರಕ್ಕೊಮ್ಮೆ ಅದಲು ಬದಲು. ಎರಡಕ್ಕೂ ಬೇರೆ ಬಣ್ಣದ ಸ್ಟಿಕ್ಕರ್ ಅಂಟಿಸಿ, ಇಲ್ಲದಿದ್ದರೆ ಒಂದೇ ಡಿಸ್ಕ್ ಹೋಗಿ ಬಂದು ಮಾಡುತ್ತಿರುತ್ತದೆ. ಸ್ಪಂಜಿನ ಚೀಲದಲ್ಲಿ ಹಾಕಿ ಒಯ್ಯಿರಿ. ಹಾರ್ಡ್ ಡಿಸ್ಕನ್ನು ಹಾಗೇ ಸ್ಕೂಟರ್ ಡಿಕ್ಕಿಯಲ್ಲಿ ಹಾಕಿಕೊಂಡು ಹಂಪ್ ಹಾರಿಸಬೇಡಿ.

ಹೊರಗಿನ ಪ್ರತಿ ಯಾಕೆ ಅಷ್ಟು ಮುಖ್ಯ ಎಂದು ಕೇಳುವವರಿಗೆ ಒಂದು ಘಟನೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ 2021ರ ಮಾರ್ಚ್ 10ರಂದು ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬ್ಯಾಕಪ್‌ಗಳನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರಿಗೆ ಎರಡೂ ಹೋದವು. ನಮ್ಮಲ್ಲಿ ಬೆಂಕಿಯೇ ಬೇಕಿಲ್ಲ. ಮುಂಗಾರಿಗೆ ಮುಂಚಿನ ಸಿಡಿಲು ವಿದ್ಯುತ್ ತಂತಿಯಲ್ಲೋ ಲ್ಯಾನ್ ಕೇಬಲ್‌ನಲ್ಲೋ ನುಗ್ಗಿದರೆ ಸರ್ವರ್, ಸ್ವಿಚ್, ನ್ಯಾಸ್ ಒಟ್ಟಿಗೇ ಸುಡಬಹುದು. ಯಾವ ತಂತಿಗೂ ಅಂಟಿಕೊಳ್ಳದೆ ಬೀರುವಿನಲ್ಲಿರುವ ಡಿಸ್ಕ್‌ಗೆ ಆ ಭಯ ಇಲ್ಲ.

ಕ್ಲೌಡ್‌ಗೆ ಹೋಗುವ ಮೊದಲು ನಿಮ್ಮ ಲೈನಿನ ಅಪ್‌ಲೋಡ್ ವೇಗ ಅಳೆಯಿರಿ. 500 ಜಿಬಿ ಡೇಟಾ 50 ಎಂಬಿಪಿಎಸ್‌ನಲ್ಲಿ ಹೋಗಲು ಹತ್ತಿರಹತ್ತಿರ 22 ಗಂಟೆ ಬೇಕು, ಅದೂ ಬೇರೆ ಯಾರೂ ಇಂಟರ್ನೆಟ್ ಮುಟ್ಟದಿದ್ದರೆ. 10 ಎಂಬಿಪಿಎಸ್ ಆದರೆ ನಾಲ್ಕೂವರೆ ದಿನ ದಾಟುತ್ತದೆ. ಮೊದಲ ಸಲ ಮಾತ್ರ ಇಷ್ಟು ಹೊತ್ತು, ಆಮೇಲೆ ಬದಲಾದದ್ದಷ್ಟೇ ಹೋಗುತ್ತದೆ. ಇದಕ್ಕೆ ಇನ್‌ಕ್ರಿಮೆಂಟಲ್ ಬ್ಯಾಕಪ್ ಎಂದು ಹೆಸರು. ವಾಪಸ್ ತರುವಾಗ ಮಾತ್ರ ಪೂರ್ತಿ ಡೇಟಾ ಇಳಿಯಬೇಕು. ಹಲವು ಕ್ಲೌಡ್‌ಗಳಲ್ಲಿ ಇಳಿಸಿಕೊಳ್ಳುವುದಕ್ಕೆ ಬೇರೆ ಶುಲ್ಕ ಇದೆ, ಅದನ್ನು ಮೊದಲೇ ಓದಿ. ಅತಿ ಅಗ್ಗದ ಯೋಜನೆಗಳಲ್ಲಿ ಡೇಟಾ ಕೇಳಿದ ತಕ್ಷಣ ಸಿಗುವುದೂ ಇಲ್ಲ. ಅಮೆಜಾನ್‌ನ ಗ್ಲೇಸಿಯರ್ ಡೀಪ್ ಆರ್ಕೈವ್‌ನಲ್ಲಿ ಅದು ಕೈಗೆ ಬರಲು 12 ಗಂಟೆ, ಅಗ್ಗದ ಕ್ರಮದಲ್ಲಾದರೆ 48 ಗಂಟೆಯವರೆಗೂ ಹಿಡಿಯುತ್ತದೆ. ಹತ್ತು ವರ್ಷದ ಹಳೆ ಕಡತಕ್ಕೆ ಅದು ಸರಿ, ನಿನ್ನೆಯ ಟ್ಯಾಲಿಗೆ ಸರಿಯಲ್ಲ.

4. ಸಾಫ್ಟ್‌ವೇರ್ ಆರಿಸಿ, ವೇಳಾಪಟ್ಟಿ ಹಾಕಿ

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವಿಂಡೋಸ್ ಸರ್ವರ್ ಆದರೆ ಅದರಲ್ಲೇ ಬರುವ ವಿಂಡೋಸ್ ಸರ್ವರ್ ಬ್ಯಾಕಪ್ ಅಥವಾ ವೀಮ್‌ನ ಉಚಿತ ಕಮ್ಯುನಿಟಿ ಆವೃತ್ತಿ. ಲಿನಕ್ಸ್ ಆದರೆ ರೆಸ್ಟಿಕ್ ಅಥವಾ ಬೋರ್ಗ್, ಎರಡೂ ಉಚಿತ. ಯಾವುದನ್ನು ಬಳಸಿದರೂ ಕೈಯಿಂದ ಒತ್ತಬೇಕಾದ ಬ್ಯಾಕಪ್ ಬೇಡ. ದಸರಾ ರಜೆಯಲ್ಲಿ ಯಾರೂ ಒತ್ತುವುದಿಲ್ಲ.

ಹಳೆಯ ಪ್ರತಿಗಳನ್ನು ಇಡಲು ಈ ಲೆಕ್ಕ ಸಾಕು: 7 ದಿನದ್ದು, 4 ವಾರದ್ದು, 12 ತಿಂಗಳದ್ದು. ಇದಲ್ಲದೆ ಪ್ರತಿ ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ ಒಂದು ಬೇರೆ ಪ್ರತಿ, ಅಳಿಸದೆ ಇಡುವಂಥದ್ದು. ಒಂದೇ ಪ್ರತಿಯ ಮೇಲೆ ದಿನಾ ಬರೆಯುತ್ತಾ ಹೋದರೆ, ಇವತ್ತು ಕೆಟ್ಟ ಫೈಲು ನಿನ್ನೆಯ ಒಳ್ಳೆಯ ಫೈಲನ್ನು ನುಂಗಿಬಿಡುತ್ತದೆ.

ಜನ ಹೆಚ್ಚಾಗಿ ಎಡವುವುದು ಡೇಟಾಬೇಸ್ ಹತ್ತಿರ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್‌ನಂಥವು ನಡೆಯುತ್ತಿರುವಾಗಲೇ ಅದರ ಫೈಲುಗಳನ್ನು ಕಾಪಿ ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಸೇರಿಕೊಂಡು ಕೊನೆಗೆ ತೆರೆಯದೇ ಇರಬಹುದು. ಮೊದಲು ಡಂಪ್ ತೆಗೆಯಬೇಕು. ಡಂಪ್ ಅಂದರೆ ಆ ಕ್ಷಣದ ಪೂರ್ತಿ ಡೇಟಾವನ್ನು ಡೇಟಾಬೇಸೇ ಒಂದು ಫೈಲಾಗಿ ಬರೆದುಕೊಡುವುದು. ಬ್ಯಾಕಪ್‌ಗೆ ಹೋಗಬೇಕಾದ್ದು ಆ ಫೈಲು. ಕಾಲೇಜುಗಳಲ್ಲಿ ಬಳಸುವ ಕೋಹಾ ಲೈಬ್ರರಿ ಸಾಫ್ಟ್‌ವೇರನ್ನು ಡೆಬಿಯನ್ ಎಂಬ ಲಿನಕ್ಸ್‌ನ ಪ್ಯಾಕೇಜಿನಿಂದ ಹಾಕಿದ್ದರೆ ಅದು ತಾನಾಗಿಯೇ ದಿನಾ ಡಂಪ್ ತೆಗೆಯುತ್ತದೆ. ಆದರೆ ಇಡುವುದು ಅದೇ ಸರ್ವರ್‌ನಲ್ಲಿ, ಅದೂ ಈಚಿನ ದಿನಗಳದ್ದು ಮಾತ್ರ. ಅದನ್ನು ಹೊರಗೆ ಒಯ್ಯುವ ಕೆಲಸ ನಿಮ್ಮದು. ಟ್ಯಾಲಿಗೂ ಬ್ಯಾಕಪ್ ತೆಗೆಯುವ ವೇಳೆ ಯಾರೂ ಲಾಗಿನ್ ಆಗಿರದಿದ್ದರೆ ಒಳ್ಳೆಯದು. ರಾತ್ರಿ 10ರ ಮೇಲೆ ಇಡಿ, ಸಂಜೆ ಟ್ಯಾಲಿಯಲ್ಲಿ ತೆರೆದಿರುವ ಕಂಪನಿಯನ್ನು ಮುಚ್ಚಿ ಹೋಗುವ ಅಭ್ಯಾಸ ಮಾಡಿಸಿ.

ಹೊರಗೆ ಹೋಗುವ ಪ್ರತಿಗೆ ಎನ್‌ಕ್ರಿಪ್ಷನ್ ಇರಲಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದ ಬೀಗ. ಮನೆಗೆ ಒಯ್ಯುವ ಡಿಸ್ಕ್ ಬಸ್ಸಿನಲ್ಲಿ ಕಳೆದುಹೋದರೂ ಗ್ರಾಹಕರ ಆಧಾರ್, ಪ್ಯಾನ್ ಬೇರೆಯವರ ಕೈಗೆ ಸಿಗಬಾರದು. ಆದರೆ ಎಚ್ಚರ: ಆ ಪಾಸ್‌ವರ್ಡ್ ಮರೆತರೆ ನಿಮಗೂ ಸಿಗುವುದಿಲ್ಲ. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದರೂ ಪ್ರಯೋಜನ ಇಲ್ಲ. ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಎರಡು ಕಡೆ ಇಡಿ.

5. ಬ್ಯಾಕಪ್ ಮೇಲೆ ಸರ್ವರ್‌ಗೆ ಅಧಿಕಾರ ಕೊಡಬೇಡಿ

ರ್‍ಯಾನ್ಸಂವೇರ್ ಅಂದರೆ ಫೈಲುಗಳಿಗೆಲ್ಲ ಬೀಗ ಹಾಕಿ ಹಣ ಕೇಳುವ ದುಷ್ಟ ಸಾಫ್ಟ್‌ವೇರ್. ಅದನ್ನು ಬಿಡುವವರಿಗೆ ಬ್ಯಾಕಪ್ ಎಂದರೇನು ಎಂದು ಚೆನ್ನಾಗಿ ಗೊತ್ತು, ಮೊದಲು ಹುಡುಕುವುದೇ ಅದನ್ನು. ಸರ್ವರ್‌ನಲ್ಲಿ ಝಡ್ ಡ್ರೈವ್ ಎಂದೋ ವೈ ಡ್ರೈವ್ ಎಂದೋ ನ್ಯಾಸ್ ಸದಾ ಜೋಡಿಸಿಕೊಂಡಿದ್ದರೆ ಅದಕ್ಕೂ ಬೀಗ ಬೀಳುತ್ತದೆ. ವಾರಗಟ್ಟಲೆ ಸಿಕ್ಕಿಸಿಯೇ ಇಟ್ಟ ಯುಎಸ್‌ಬಿ ಡಿಸ್ಕ್‌ದೂ ಅದೇ ಕತೆ. ವಿಂಡೋಸ್ ಒಳಗೇ ಇಡುವ ಶ್ಯಾಡೋ ಕಾಪಿಗಳನ್ನು, ಅಂದರೆ ಫೈಲಿನ ಹಿಂದಿನ ರೂಪಗಳನ್ನು, ಇವು ಅಳಿಸಿಯೇ ಮುಂದಿನ ಕೆಲಸಕ್ಕೆ ಹೋಗುತ್ತವೆ.

ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ 2022ರ ನವೆಂಬರ್ 23ರಂದು ಇಂಥ ದಾಳಿ ಆಯಿತು. ಐದು ಸರ್ವರ್‌ಗಳ ಸುಮಾರು 1.3 ಟಿಬಿ ಡೇಟಾಕ್ಕೆ ಬೀಗ ಬಿತ್ತು. ದಾಳಿ ತಟ್ಟದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್‌ನಿಂದ ಇ-ಹಾಸ್ಪಿಟಲ್ ಎಂಬ ಆಸ್ಪತ್ರೆ ಸಾಫ್ಟ್‌ವೇರಿನ ಡೇಟಾ ವಾಪಸ್ ಸಿಕ್ಕಿತು ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಅಷ್ಟಾದರೂ ಎರಡು ವಾರದ ಆಸುಪಾಸು ಚೀಟಿ ಬರೆದೇ ಕೆಲಸ ನಡೆಸಬೇಕಾಯಿತು. ಎರಡನೇ ಹಂತದಲ್ಲಿ ಸಮಯದ ಲೆಕ್ಕ ಹಾಕಿ ಎಂದದ್ದು ಇದಕ್ಕೇ.

ನೀವು ಮಾಡಬೇಕಾದ್ದು ಇಷ್ಟು. ನ್ಯಾಸ್‌ಗೆ ಬೇರೆಯದೇ ಪಾಸ್‌ವರ್ಡ್ ಇಡಿ, ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್ ಅಲ್ಲ. ಸಾಧ್ಯವಾದರೆ ಸರ್ವರ್ ಬ್ಯಾಕಪ್ ಕಳಿಸುವ ಬದಲು ಬ್ಯಾಕಪ್ ಯಂತ್ರವೇ ಬಂದು ಎಳೆದುಕೊಳ್ಳುವಂತೆ ಮಾಡಿ. ಆಗ ಸರ್ವರ್ ಹಾಳಾದರೂ ಅದಕ್ಕೆ ಅತ್ತ ಹೋಗುವ ದಾರಿ ಇರುವುದಿಲ್ಲ. ಕ್ಲೌಡ್‌ನಲ್ಲಿ ಆಬ್ಜೆಕ್ಟ್ ಲಾಕ್ ಎಂಬ ಸೌಲಭ್ಯ ಇದ್ದರೆ ಹಾಕಿ. ಅದರ ಕಟ್ಟುನಿಟ್ಟಿನ ಕ್ರಮದಲ್ಲಿ ಇಟ್ಟ ಫೈಲನ್ನು ಗೊತ್ತುಮಾಡಿದ ದಿನದವರೆಗೆ ಅಡ್ಮಿನ್ ಕೂಡ ಅಳಿಸಲಾರರು. ಮನೆಯಿಂದ ನೋಡಬೇಕು ಎಂದು ನ್ಯಾಸ್ ಅನ್ನು ನೇರ ಇಂಟರ್ನೆಟ್‌ಗೆ ತೆರೆದಿಡುವುದಂತೂ ಬೇಡವೇ ಬೇಡ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ್‍ಯಾನ್ಸಂವೇರ್ ಹೀಗೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳನ್ನೇ ಹುಡುಕಿ ಹಿಡಿಯಿತು.

ಒಂದು ವೇಳೆ ದಾಳಿ ಆದರೆ ಬ್ಯಾಕಪ್ ಡಿಸ್ಕ್ ತಂದು ಅದೇ ಯಂತ್ರಕ್ಕೆ ಸಿಕ್ಕಿಸಲು ಹೋಗಬೇಡಿ. ಗಾಬರಿಯಲ್ಲಿ ಜನ ಮಾಡುವ ಮೊದಲ ಕೆಲಸ ಅದೇ. ನೆಟ್‌ವರ್ಕ್ ಕೇಬಲ್ ಕಿತ್ತು ಹಾಕಿ, ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ, ಅಂದರೆ ಬ್ಯಾಕಪ್‌ನಿಂದ ಡೇಟಾ ವಾಪಸ್ ತೆಗೆಯಿರಿ. ಏಪ್ರಿಲ್ 2022ರ ನಿರ್ದೇಶನದ ಪ್ರಕಾರ, ಗೊತ್ತಾದ 6 ಗಂಟೆಯೊಳಗೆ ಕಂಪನಿಗಳು ಸರ್ಟ್-ಇನ್‌ಗೆ, ಅಂದರೆ ಕೇಂದ್ರ ಸರ್ಕಾರದ ಸೈಬರ್ ತುರ್ತು ತಂಡಕ್ಕೆ, ವರದಿ ಮಾಡಬೇಕು.

6. ವಾಪಸ್ ತೆಗೆದು ನೋಡಿ

ಈ ಲೇಖನದಲ್ಲಿ ಒಂದೇ ಹಂತ ಮಾಡಲು ಸಮಯ ಇದೆ ಎಂದರೆ ಇದನ್ನು ಮಾಡಿ. ಬ್ಯಾಕಪ್ ಫೋಲ್ಡರಿನಲ್ಲಿ ಫೈಲು ಕಾಣುತ್ತಿದೆ ಎಂದರೆ ಅದು ತೆರೆಯುತ್ತದೆ ಎಂದೇನೂ ಅಲ್ಲ.

ಸಾಫ್ಟ್‌ವೇರ್ ಬರೆಯುವವರಿಗೆಲ್ಲ ಗೊತ್ತಿರುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ಅದನ್ನು ಇಡಬೇಕಾದ ಕ್ಲೌಡ್ ಜಾಗ ಖಾಲಿ. ಡಂಪ್ ತೆಗೆಯುವ ಸಾಧನದ ಆವೃತ್ತಿ ಹಳೆಯದು, ಡೇಟಾಬೇಸ್ ಹೊಸದು, ಹಾಗಾಗಿ ಡಂಪ್ ಸುಮ್ಮನೆ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ಒಬ್ಬರು ಕೈಯಿಂದ ತೆಗೆದಿದ್ದ ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಆ ಕ್ಷಣದ ಚಿತ್ರ, ಅವರನ್ನು ಉಳಿಸಿತು. ಇದನ್ನೆಲ್ಲ ಕಂಪನಿಯೇ ಬಹಿರಂಗವಾಗಿ ಬರೆದುಕೊಂಡಿತು, ಮೆಚ್ಚಬೇಕು.

ಅಲ್ಲಿ ದೊಡ್ಡ ತಂಡ ಇತ್ತು. ನಿಮ್ಮಲ್ಲಿ ನೀವೊಬ್ಬರೇ. ಹಾಗಾಗಿ ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿ: ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಬ್ಯಾಕಪ್ ಇಳಿಸಿ. ಗಡಿಯಾರ ನೋಡಿ ಶುರು ಮಾಡಿ, ಮುಗಿದಾಗ ಸಮಯ ಬರೆದಿಡಿ. ಅದೇ ನಿಮ್ಮ ನಿಜವಾದ ಆರ್‌ಟಿಓ. ಟ್ಯಾಲಿ ತೆರೆದು ನಿನ್ನೆಯ ಕೊನೆಯ ವೋಚರ್ ಇದೆಯಾ ನೋಡಿ. ಡೇಟಾಬೇಸ್‌ನಲ್ಲಿ ಒಬ್ಬ ಗ್ರಾಹಕರ ಖಾತೆ ತೆಗೆದು ಬಾಕಿ ಮೊತ್ತ ತಾಳೆ ಮಾಡಿ. ಕನ್ನಡದ ಹಳೆಯ ಪತ್ರವೊಂದನ್ನು ತೆರೆಯಿರಿ.

ಈ ಪರೀಕ್ಷೆ ಮಾಡುವಾಗ ಆ ಯಂತ್ರ ಆಫೀಸಿನ ನೆಟ್‌ವರ್ಕ್‌ನಲ್ಲಿ ಇರಬಾರದು. ಸರ್ವರ್‌ನ ತದ್ರೂಪು ಎದ್ದು ಕೂತು ಅದೇ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಹಿಡಿದರೆ ಎರಡಕ್ಕೂ ಜಗಳ. ಇನ್ನೂ ಕೆಟ್ಟದ್ದೆಂದರೆ, ಹಳೆಯ ಬಾಕಿ ನೆನಪಿಸುವ ಎಸ್‌ಎಂಎಸ್‌ಗಳನ್ನು ಅದು ಗ್ರಾಹಕರಿಗೆಲ್ಲ ಮತ್ತೆ ಕಳಿಸಬಹುದು.

ನಡುವಿನ ದಿನಗಳಿಗೆ, ಬ್ಯಾಕಪ್ ಆದರೂ ಆಗದಿದ್ದರೂ ಬೆಳಿಗ್ಗೆ ಒಂದು ಸಂದೇಶ ಬರುವಂತೆ ಇಡಿ. ವಿಫಲವಾದರೆ ಮಾತ್ರ ಸಂದೇಶ ಎಂದಿಟ್ಟರೆ, ಸಂದೇಶ ಕಳಿಸುವ ವ್ಯವಸ್ಥೆಯೇ ಸತ್ತಾಗ ಎಲ್ಲ ಸರಿಯಿದೆ ಎಂದೇ ನಂಬಿರುತ್ತೀರಿ. ಬ್ಯಾಕಪ್ ಫೈಲಿನ ಗಾತ್ರವನ್ನೂ ಗಮನಿಸಿ. ದಿನಾ 2 ಜಿಬಿ ಇದ್ದದ್ದು ಒಂದು ದಿನ 4 ಕೆಬಿ ಆಗಿದ್ದರೆ ಏನೋ ಎಡವಟ್ಟಾಗಿದೆ.

7. ಈಗ ರಿಡಂಡೆನ್ಸಿಗೆ ಬನ್ನಿ

ಮೊದಲು ಕರೆಂಟು. ನಮ್ಮ ಊರುಗಳಲ್ಲಿ ಸರ್ವರ್ ಕೆಡುವುದಕ್ಕೆ ಇದು ದೊಡ್ಡ ಕಾರಣ. ಆಫೀಸಿನ ಫ್ಯಾನು, ದೀಪಕ್ಕಿರುವ ಇನ್ವರ್ಟರ್‌ಗೆ ಸರ್ವರ್ ಹಾಕಬೇಡಿ, ಬದಲಾಯಿಸುವ ಆ ಚೂರು ಹೊತ್ತಿನಲ್ಲೇ ಅದು ರೀಸ್ಟಾರ್ಟ್ ಆಗಬಹುದು. ಬೇರೆ ಯುಪಿಎಸ್ ಇರಲಿ. ಅದರ ಯುಎಸ್‌ಬಿ ಕೇಬಲ್ ಸರ್ವರ್‌ಗೆ ಸಿಕ್ಕಿಸಿ, ಬ್ಯಾಟರಿ ಮುಗಿಯುವ ಮುಂಚೆ ಸರ್ವರ್ ತಾನೇ ಶಟ್‌ಡೌನ್ ಆಗುವಂತೆ ಸೆಟ್ ಮಾಡಿ. ಆ ಕೇಬಲ್ ಎಷ್ಟೋ ಕಡೆ ಡಬ್ಬಿಯಲ್ಲೇ ಇರುತ್ತದೆ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಬದಲಿಸಿದ ದಿನಾಂಕ ಅದರ ಮೇಲೇ ಬರೆಯಿರಿ. ಅರ್ಥಿಂಗ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ.

ಆಮೇಲೆ ಡಿಸ್ಕ್. ಎರಡು ಡಿಸ್ಕಿನ ರೇಡ್ 1, ಅಂದರೆ ಒಂದು ಇನ್ನೊಂದರ ಕನ್ನಡಿ, ಸಣ್ಣ ಆಫೀಸಿಗೆ ಧಾರಾಳ. ಎರಡನ್ನೂ ಒಂದೇ ಲಾಟಿನಿಂದ ಕೊಳ್ಳಬೇಡಿ, ಒಂದೇ ದೋಷ ಇದ್ದರೆ ಎರಡೂ ಒಟ್ಟಿಗೇ ಕೆಡಬಹುದು. ನನ್ನ ಆಯ್ಕೆ ಸಾಫ್ಟ್‌ವೇರ್ ರೇಡ್, ಅಂದರೆ ಬೇರೆ ಕಾರ್ಡ್ ಇಲ್ಲದೆ ಆಪರೇಟಿಂಗ್ ಸಿಸ್ಟಮೇ ನಡೆಸುವ ರೇಡ್. ರೇಡ್ ಕಾರ್ಡ್ ಹಾಕಿಸಿ ಆ ಕಾರ್ಡೇ ಕೆಟ್ಟರೆ ಅದೇ ಜಾತಿಯ ಕಾರ್ಡ್ ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರಸ್ತೆ ಅಲೆಯಬೇಕಾಗುತ್ತದೆ. ಡಿಸ್ಕ್ ಕೆಟ್ಟಾಗ ಪೆಟ್ಟಿಗೆ ಕೀಂ ಕೀಂ ಅನ್ನುತ್ತದೆ. ಶಬ್ದ ಕಿರಿಕಿರಿ ಎಂದು ಅದನ್ನು ಆಫ್ ಮಾಡಿ ಸುಮ್ಮನಾದ ಆಫೀಸುಗಳು ಬೇಕಾದಷ್ಟಿವೆ. ಆ ಸೂಚನೆಯೂ ಇಮೇಲ್‌ಗೆ ಬರಲಿ.

ಇಂಟರ್ನೆಟ್ ಎರಡು ಬೇಕೆನಿಸಿದರೆ ಎರಡು ಫೈಬರ್ ಬೇಡ. ಎರಡೂ ಒಂದೇ ಕಂಬದ ಮೇಲೆ ಬಂದಿದ್ದರೆ ಒಂದೇ ಜೆಸಿಬಿ ಎರಡನ್ನೂ ಕಿತ್ತು ಹಾಕುತ್ತದೆ. ಒಂದು ಫೈಬರ್, ಒಂದು 4ಜಿ ಅಥವಾ 5ಜಿ, ಎರಡನ್ನೂ ಒಂದು ಡ್ಯುಯಲ್ ವ್ಯಾನ್ ರೂಟರ್‌ಗೆ ಹಾಕಿ. ಇದು ಒಂದು ಕಡಿದರೆ ತಾನಾಗಿ ಇನ್ನೊಂದಕ್ಕೆ ಬದಲಾಗುವ ರೂಟರ್. ಸಾಮಾನ್ಯವಾಗಿ ಮೊಬೈಲ್ ಲೈನಿನಲ್ಲಿ ಸ್ವಂತ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪಬಹುದಾದ ಐಪಿ ವಿಳಾಸ, ಸಿಗುವುದಿಲ್ಲ. ಹೊರಗಿನಿಂದ ನೇರ ಆಫೀಸ್ ಸರ್ವರ್‌ಗೆ ಬರುವವರಿಗೆ ಆಗ ಸಂಪರ್ಕ ಸಿಗಲಿಕ್ಕಿಲ್ಲ.

ಇನ್ನು ಎರಡನೇ ಸರ್ವರ್. ಎರಡು ಯಂತ್ರ ಜೋಡಿಸಿ ಒಂದು ಬಿದ್ದರೆ ಇನ್ನೊಂದು ತಾನೇ ಏಳುವಂತೆ ಮಾಡುವುದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ನಡುವಿನ ಕೇಬಲ್ ಕಳಚಿದರೆ ಎರಡೂ ತಾನೇ ಯಜಮಾನ ಎಂದು ಬರೆಯಲು ಶುರು ಮಾಡಬಹುದು. ಅದನ್ನು ತಡೆಯಲು, ಯಾರು ಯಜಮಾನ ಎಂದು ತೀರ್ಮಾನಿಸುವ ಮೂರನೆಯ ಸಾಕ್ಷಿ ಯಂತ್ರ ಬೇಕು, ಅದನ್ನೆಲ್ಲ ನೋಡಿಕೊಳ್ಳುವವರು ಬೇಕು. ಮೂವತ್ತು ಜನರ ಆಫೀಸಿಗೆ ಇದು ಬೇಡ ಎಂಬುದು ನನ್ನ ಅಭಿಪ್ರಾಯ. ರಿಸ್ಟೋರ್ ಪರೀಕ್ಷೆಗೆ ಬಳಸುವ ಅದೇ ಹಳೆಯ ಯಂತ್ರಕ್ಕೆ ಸ್ವಲ್ಪ ರ್‍ಯಾಮ್, ಒಂದು ಎಸ್‌ಎಸ್‌ಡಿ ಹಾಕಿಸಿ ಬದಲಿ ಸರ್ವರ್ ಆಗಿ ಇಟ್ಟುಕೊಳ್ಳಿ. ಅರ್ಧ ದಿನದಲ್ಲಿ ಕೆಲಸ ಶುರುವಾಗುತ್ತದೆ. ಅರ್ಧ ದಿನವೂ ನಿಲ್ಲುವಂತಿಲ್ಲ ಎನ್ನುವವರು ಆ ಸಾಫ್ಟ್‌ವೇರನ್ನೇ ಕ್ಲೌಡ್‌ಗೆ ಸಾಗಿಸುವುದು ಲೇಸು.

8. ಕಾಗದದ ಮೇಲೆ ಬರೆದಿಡಿ

ಒಂದು ಹಾಳೆ ಸಾಕು, ಕನ್ನಡದಲ್ಲೇ ಬರೆಯಿರಿ. ಬ್ಯಾಕಪ್ ಎಲ್ಲೆಲ್ಲಿದೆ, ಯಾವ ಸಾಫ್ಟ್‌ವೇರ್, ರಿಸ್ಟೋರ್ ಮಾಡುವ ಹೆಜ್ಜೆಗಳು, ಯಾರಿಗೆ ಫೋನ್ ಮಾಡಬೇಕು, ಪಾಸ್‌ವರ್ಡ್ ಲಕೋಟೆ ಯಾರ ಹತ್ತಿರ. ಸರ್ವರ್‌ನಲ್ಲೇ ವರ್ಡ್ ಫೈಲಾಗಿ ಇಟ್ಟರೆ ಬೇಕಾದ ದಿನ ಅದೂ ಸಿಗುವುದಿಲ್ಲ. ಬರೆದಾದ ಮೇಲೆ ಇನ್ನೊಬ್ಬರ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ, ಅವರಿಂದ ಒಂದು ಸಲ ರಿಸ್ಟೋರ್ ಮಾಡಿಸಿ. ಎಲ್ಲೆಲ್ಲಿ ನಿಮ್ಮ ಕಡೆ ತಿರುಗಿ ನೋಡುತ್ತಾರೋ ಅಲ್ಲೆಲ್ಲ ಹಾಳೆಯಲ್ಲಿ ಒಂದು ಸಾಲು ಕಡಿಮೆಯಾಗಿದೆ ಎಂದು ಅರ್ಥ. ಲಕೋಟೆ ಇಟ್ಟುಕೊಂಡವರು ಕೆಲಸ ಬಿಟ್ಟರೆ ಅಡ್ಮಿನ್ ಪಾಸ್‌ವರ್ಡ್‌ಗಳನ್ನು ಅದೇ ದಿನ ಬದಲಿಸಿ. ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಬದಲಿಸಿದರೆ ಹಳೆಯದನ್ನು ಎಸೆಯಬೇಡಿ. ಹಿಂದಿನ ಡಿಸ್ಕ್‌ಗಳು ಅದರಿಂದಲೇ ತೆರೆಯುವಂಥವು ಇರಬಹುದು.